ಮುರಿದ ಕೊಕ್ಕಿನ ಕೊಕ್ಕರೆ

"ಐವತ್ತು," ಎಂದು ಕೋಟೆಯ ಬಾಗಿಲು ಕಾಯುವ ಕ್ವಾಪಿಲೊವಾ ಕೊನೆಯ ಕಂಬಳಿ ಚಪ್ಪಲಿಯನ್ನು ಪೆಟ್ಟಿಗೆಗೆ ಎಸೆದಳು. "ಹನ್ನೊಂದು ಗಂಟೆ ತಂಡದಲ್ಲಿ ಇಪ್ಪತ್ತಾರು ಜನ ಒಳಗೆ ಹೋದ್ರು. ಐವತ್ತೆರಡು ಇರ್ಬೇಕಿತ್ತು. ಒಂದು ಜತೆ ವಾಪಸ್ ಬಂದಿಲ್ಲ."

"ಇನ್ನೊಂದ್ಸಲ ಎಣಿಸ್ತೀರಾ?"

"ನೋಡಮ್ಮಾ, ಹತ್ತೊಂಬತ್ತು ವರ್ಷದಿಂದ ಈ ಬಾಗಿಲಲ್ಲೇ ಕೂತಿದೀನಿ. ನನ್ನ ಮೊಮ್ಮಕ್ಕಳ ಲೆಕ್ಕ ತಪ್ಪಬಹುದು, ಚಪ್ಪಲಿ ಲೆಕ್ಕ ತಪ್ಪಲ್ಲ."

ವೆಂದುಲಾ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿ ತೋರಿಸಿದಳು. ಬೆಳಗ್ಗೆ ಅದರಲ್ಲಿ ಮಧ್ಯಾಹ್ನದ ಬ್ರೆಡ್ಡು, ಕರಿದ ಮಾಂಸ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಇದ್ದವು. ಈಗ ಒಂದೇ ಒಂದು ಚಪ್ಪಲಿ ಇತ್ತು. ಬೂದು ಬಣ್ಣದ ದಪ್ಪ ಕಂಬಳಿಯದು, ಕೋಟೆಯೊಳಗಿನ ಅರಮನೆಯ ಮರದ ನೆಲ ಸವೆಯದಿರಲಿ ಎಂದು ಬೂಟಿನ ಮೇಲೆಯೇ ಹಾಕಿಕೊಳ್ಳುವಂಥದ್ದು.

"ಇದು ನಮ್ದೇ," ಎಂದಳು ಮುದುಕಿ. "ಎಲ್ಲಿ ಸಿಕ್ತು?"

"ನಮ್ಮತ್ತೆ ಕಾಲಲ್ಲಿ."

ಒಂದೂವರೆ ಗಂಟೆಯ ಹಿಂದೆ ಓಲ್ಶಿನಾ ಕೋಟೆಯ ತೋಟದ ಕಲ್ಲು ಮೆಟ್ಟಿಲುಗಳ ಕೆಳಗೆ, ಎಂಬತ್ತೆರಡು ವರ್ಷದ ಸ್ವಾತಾವಾ ಅತ್ತೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ತಲೆಯ ಹಿಂಭಾಗದಲ್ಲಿ ರಕ್ತ, ಎಡಗಾಲಿನ ಬೂಟಿನ ಮೇಲೆ ಈ ಚಪ್ಪಲಿ.

ನೋಡಿದವರೆಲ್ಲ ಒಂದೇ ಮಾತು ಹೇಳಿದ್ದರು: ಪಾಪ, ವಯಸ್ಸಾಗಿದೆ, ಬಿಸಿಲು ಬೇರೆ, ತಲೆ ಸುತ್ತಿರಬೇಕು. ವೆಂದುಲಾಳ ಗಂಡ ರಾದಿಮ್ ಕೂಡ ಅದನ್ನೇ ಹೇಳಿ ಆಂಬುಲೆನ್ಸ್ ಹತ್ತಿದ್ದ. ಸ್ವಾತಾವಾ ಅವನ ಸೋದರತ್ತೆ. ಅಪ್ಪ ಅಮ್ಮ ಹೋದ ಮೇಲೆ ಆರು ವರ್ಷದವನಿಂದ ಸಾಕಿ ಬೆಳೆಸಿದವಳು. ಅವಳ ಕೈ ಹಿಡಿದುಕೊಂಡೇ ಅವನು ಆಂಬುಲೆನ್ಸಿನಲ್ಲಿ ಕೂತಿದ್ದ.

ವೆಂದುಲಾ ಹೋಗಿರಲಿಲ್ಲ. ಹದಿನಾಲ್ಕು ವರ್ಷ ಪೊಲೀಸ್ ಅಪರಾಧ ವಿಭಾಗದಲ್ಲಿ ದುಡಿದ ಕ್ಯಾಪ್ಟನ್ ಅವಳು. ಭಾನುವಾರ, ರಜೆ, ಸಂಸಾರದ ಜತೆ ಬಂದ ಪ್ರವಾಸ, ಎಲ್ಲ ಸರಿಯೇ. ಆದರೆ ಆ ಒಂಟಿ ಚಪ್ಪಲಿ ಅವಳನ್ನು ಬಿಡಲಿಲ್ಲ.

"ಈ ಬಾಗಿಲಿಂದ ಯಾರಾದ್ರೂ ಚಪ್ಪಲಿ ಬಿಚ್ಚದೆ ಹೊರಗೆ ಹೋಗಬಹುದಾ?" ಎಂದು ಕೇಳಿದಳು.

"ನಾನು ಜೀವಂತ ಇರೋವರೆಗೂ ಇಲ್ಲ."

"ಹಾಗಾದ್ರೆ ನಮ್ಮತ್ತೆ ಈ ಬಾಗಿಲಿಂದ ಹೊರಗೆ ಹೋಗಲೇ ಇಲ್ಲ."

ಕ್ವಾಪಿಲೊವಾ ಪೆಟ್ಟಿಗೆಯ ಮುಚ್ಚಳ ಹಾಕಿ ಮೆಲ್ಲಗೆ ಹೇಳಿದಳು, "ಜನಕ್ಕೆ ಇರೋದು ಇದೊಂದೇ ಬಾಗಿಲು. ಇನ್ನೊಂದು ಗ್ರಂಥಾಲಯದ ಗಾಜಿನ ಬಾಗಿಲು, ತೋಟಕ್ಕೆ ಇಳಿಯೋದು. ಅದನ್ನ ಜನಕ್ಕೆ ತೆಗೆಯಲ್ಲ. ಕೀಲಿ ಝೆಲೆಂಕಾ ಸಾಹೇಬರ ಸೊಂಟದಲ್ಲಿ."

ಝೆಲೆಂಕಾ ಎಂದರೆ ಕೋಟೆಯ ಮೇಲ್ವಿಚಾರಕ.

"ನನ್ನ ಮಗಳು ಅಲ್ಲಿ ಕೊಳದ ಹತ್ರ ಕೂತಿದಾಳೆ. ಸ್ವಲ್ಪ ಹೊತ್ತು ನೋಡ್ಕೋತೀರಾ?"

"ಕೆಂಪು ಟೋಪಿ ಹುಡುಗಿ ತಾನೆ? ಹೋಗಿ ಬನ್ನಿ. ಮೀನಿಗೆ ಬ್ರೆಡ್ಡು ಹಾಕ್ಬೇಡ ಅಂತ ಆಗಲೇ ಎರಡ್ಸಲ ಬೈದಿದೀನಿ."

*

ವೆಂದುಲಾ ಮೊದಲು ಒಳಗೆ ಹೋಗಲಿಲ್ಲ. ಕೋಟೆಯ ಉತ್ತರದ ಗೋಡೆಯ ಬದಿಗೆ, ಹೊರಗಿನಿಂದ ಆ ಗಾಜಿನ ಬಾಗಿಲನ್ನು ನೋಡಲು ಹೋದಳು.

ಬಾಗಿಲ ಮುಂದೆ ಕಲ್ಲು ಹಾಸಿದ ಕಿರಿದಾದ ಜಗಲಿ. ಜಗಲಿಯ ಅಂಚಿನಿಂದ ಹದಿನೇಳು ಮೆಟ್ಟಿಲು ಕೆಳಗಿನ ಗುಲಾಬಿ ಪಾತಿಗಳಿಗೆ ಇಳಿಯುತ್ತಿದ್ದವು. ಅತ್ತೆ ಬಿದ್ದದ್ದು ಆ ಮೆಟ್ಟಿಲುಗಳ ಬುಡದಲ್ಲೇ. ಗೋಡೆಯುದ್ದಕ್ಕೂ ಮರದ ತೊಟ್ಟಿಗಳಲ್ಲಿ ಕಣಗಿಲೆ ಗಿಡಗಳು, ಒಂದೊಂದೂ ಆಳೆತ್ತರ, ಅಳತೆ ಹಿಡಿದು ಇಟ್ಟ ಹಾಗೆ ಸಮಾನ ಅಂತರದಲ್ಲಿ ನಿಂತಿದ್ದವು.

ಒಂದು ತೊಟ್ಟಿ ಮಾತ್ರ ಸಾಲು ತಪ್ಪಿತ್ತು.

ವೆಂದುಲಾ ಮೊಣಕಾಲೂರಿ ಕುಳಿತಳು. ಬಾಗಿಲ ಮುಂದೆ ನಟ್ಟನಡುವೆ ಕಲ್ಲಿನ ಮೇಲೆ ದೊಡ್ಡ ಹರಿವಾಣದಷ್ಟು ಅಗಲದ ದುಂಡನೆಯ ಗುರುತು. ಮುಟ್ಟಿ ನೋಡಿದಳು. ನೆರಳಲ್ಲಿ ಇನ್ನೂ ತಂಪಾಗಿತ್ತು, ಅಂಚಿನಲ್ಲಿ ಪಸೆ ಆರಿರಲಿಲ್ಲ. ತೊಟ್ಟಿ ಬೆಳಗಿನ ತನಕ ಅಲ್ಲೇ, ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಯಾರೋ ಇವತ್ತೇ ಅದನ್ನು ಎರಡು ಮೊಳ ಪಕ್ಕಕ್ಕೆ ಸರಿಸಿದ್ದರು.

ಆ ತೊಟ್ಟಿ ಎಂಬತ್ತೆರಡರ ಮುದುಕಿ ಸರಿಸುವಂಥದ್ದಲ್ಲ. ವೆಂದುಲಾಳೇ ಹೆಗಲು ಕೊಟ್ಟು ನೋಡಿದಳು. ಒಂದು ಗೇಣೂ ಸರಿಯಲಿಲ್ಲ.

ಅವಳು ಎದ್ದು ಮಂಡಿಯ ಮಣ್ಣು ಒರೆಸಿಕೊಂಡಳು. ಬೆಳಗ್ಗೆ ಅರಮನೆಯ ನೀಲಿ ಕೋಣೆಯಲ್ಲಿ ನಡೆದದ್ದನ್ನು ಈಗ ಮೊದಲಿನಿಂದ ನೆನಪಿಸಿಕೊಳ್ಳಬೇಕಾಗಿತ್ತು.

ಮನೆಯ ನಾಲ್ಕೂ ಜನ ಜತೆಯಲ್ಲೇ ಇದ್ದರು. ವಿವರಣೆ ಕೊಡುತ್ತಿದ್ದ ಹುಡುಗಿ ಚಳಿ ಕಾಯಿಸುವ ಒಲೆಯ ಮೇಲಿನ ಗಡಿಯಾರ ತೋರಿಸಿ, ನೆತ್ತಿಯ ಮೇಲೆ ಚಿನ್ನದ ನೀರು ಕುಡಿಸಿದ ಕೊಕ್ಕರೆ, ಇನ್ನೂರ ಮೂವತ್ತು ವರ್ಷ ಹಳೆಯದು ಎಂದು ಗಿಣಿಪಾಠ ಒಪ್ಪಿಸುತ್ತಿದ್ದಳು. ಸ್ವಾತಾವಾ ಅತ್ತೆ ಎಲ್ಲರೆದುರು ಗಟ್ಟಿಯಾಗಿ ಹೇಳಿದಳು, "ಇದು ಆ ಗಡಿಯಾರ ಅಲ್ಲ."

ಜನ ನಕ್ಕರು. ಅತ್ತೆ ನಗಲಿಲ್ಲ. "ನಮ್ಮಪ್ಪ ಈ ತೋಟದ ಮಾಲಿ ಆಗಿದ್ದ. ನನಗೆ ಏಳು ವರ್ಷ. ಒರೆಸೋಕೆ ಹೋಗಿ ಕೊಕ್ಕಿನ ತುದಿ ನಾನೇ ಮುರಿದೆ. ಬೆನ್ನ ಮೇಲೆ ಬಿದ್ದ ಬಾಸುಂಡೆ ಇನ್ನೂ ನೆನಪಿದೆ. ಇದರ ಕೊಕ್ಕು ನೋಡಿ, ಸೂಜಿ ಥರ ಇದೆ."

ಹುಡುಗಿ ತಡವರಿಸಿ ಮುಂದಿನ ಕೋಣೆಗೆ ನಡೆದಳು. ಹೆದ್ವಿಕಾಗೆ ಬೇಸರ ಬಂದಿದೆ, ಐಸ್‌ಕ್ರೀಮ್ ಕೊಡಿಸ್ತೀನಿ ಎಂದು ರಾದಿಮ್ ಮಗಳನ್ನು ಕರೆದುಕೊಂಡು ಹೊರಗೆ ಹೋದ. "ನೀ ನಡಿಯಮ್ಮಾ, ನಾನು ಇಲ್ಲೇ ಸ್ವಲ್ಪ ಕೂತ್ಕೋತೀನಿ," ಎಂದು ಅತ್ತೆ ಕುರ್ಚಿಯಲ್ಲಿ ಕುಸಿದಳು. ವೆಂದುಲಾ ತಂಡದ ಜತೆ ಉಳಿದ ಐದು ಕೋಣೆ ನೋಡಿದಳು.

ಅವಳು ಕುರ್ಚಿಗೆ ವಾಪಸಾದಾಗ ಅದು ಖಾಲಿ ಇತ್ತು. ಅಷ್ಟು ಹೊತ್ತಿಗೆ ತೋಟದಿಂದ ಯಾರೋ ಕೂಗಿಕೊಂಡರು.

*

ಝೆಲೆಂಕಾ ಗ್ರಂಥಾಲಯದಲ್ಲೇ ಇದ್ದ. ಅರವತ್ತರ ಆಸುಪಾಸಿನ ಸಣಕಲು ಆಸಾಮಿ, ಬೇಸಿಗೆಯಲ್ಲೂ ಕೋಟು, ಸೊಂಟದಲ್ಲಿ ಹಿಡಿ ದಪ್ಪದ ಕೀಲಿಗೊಂಚಲು. ಮೇಜಿನ ಮುಂದೆ ಸುಮ್ಮನೆ ಕೂತಿದ್ದ. ಎದುರಿಗೆ ಒಂದು ಕಾಗದವೂ ಇರಲಿಲ್ಲ.

"ಇಲ್ಲಿಗೆ ಪ್ರವಾಸಿಗರು ಬರೋ ಹಾಗಿಲ್ಲ, ಮೇಡಂ."

"ಪ್ರವಾಸ ಮುಗೀತು." ವೆಂದುಲಾ ಗುರುತಿನ ಚೀಟಿ ಮೇಜಿನ ಮೇಲಿಟ್ಟಳು.

ಅವನು ಅದನ್ನು ಎತ್ತಿಕೊಳ್ಳಲಿಲ್ಲ, ಕುತ್ತಿಗೆ ಚಾಚಿ ಓದಿದ. "ನಿಮ್ಮ ಅತ್ತೆಯವರು ಹೇಗಿದ್ದಾರೆ?"

"ಬದುಕಿದಾರೆ. ಆ ಗಾಜಿನ ಬಾಗಿಲು ಕೊನೇ ಸಲ ತೆಗೆದಿದ್ದು ಯಾವಾಗ?"

"ಏಪ್ರಿಲ್‌ನಲ್ಲಿ. ಚಳಿಗಾಲ ಮುಗಿದು ಕಣಗಿಲೆ ತೊಟ್ಟಿಗಳನ್ನ ಹೊರಗಿಟ್ಟಾಗ."

"ಇವತ್ತು ತೆಗೀಲಿಲ್ವಾ?"

"ಇಲ್ಲ."

"ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡೋಕೇನಿದೆ? ಕೀಲಿ ನನ್ನ ಹತ್ರ ಇದೆ, ನಾನು ತೆಗೆದಿಲ್ಲ."

ವೆಂದುಲಾ ಕೋಣೆಯನ್ನು ನಿಧಾನವಾಗಿ ಒಂದು ಸುತ್ತು ಹಾಕಿದಳು. ನೆಲಕ್ಕೆ ಹೊಸದಾಗಿ ಮೇಣ ಉಜ್ಜಿದ್ದರು, ಜೇನಿನ ವಾಸನೆ. ಕಿಟಕಿಯ ಬಳಿ ಎರಡು ಕುರ್ಚಿಗಳು ಎದುರುಬದುರಾಗಿ ಇದ್ದವು. ಒಂದರ ಪಕ್ಕದಲ್ಲಿ ಅರ್ಧ ಕುಡಿದ ನೀರಿನ ಲೋಟ. ಅವಳು ಬಗ್ಗಿ ಆ ಕುರ್ಚಿಯ ಕೆಳಗೆ ಕೈ ಹಾಕಿದಳು.

ಎರಡನೆಯ ಚಪ್ಪಲಿ ಅಲ್ಲಿತ್ತು.

ಅದನ್ನು ತಂದು ಗುರುತಿನ ಚೀಟಿಯ ಪಕ್ಕಕ್ಕಿಟ್ಟಳು. ಚೀಲದಿಂದ ಮೊದಲನೆಯದನ್ನು ತೆಗೆದು ಜತೆಗಿಟ್ಟಳು. ಎರಡರ ಅಡಿಗೂ ಒಂದೇ ಹಳದಿ ಮೇಣ ಅಂಟಿತ್ತು.

"ಝೆಲೆಂಕಾ ಅವರೇ, ಹೊರಗೆ ತೊಟ್ಟಿ ಸರಿಸಿದ ಜಾಗ ಇನ್ನೂ ಒಣಗಿಲ್ಲ. ನೀವು ಹೇಳ್ತೀರೋ, ನಾನು ಹೇಳ್ಲೋ?"

ಅವನು ಚಪ್ಪಲಿಗಳನ್ನು ಮೇಜಿನ ಅಂಚಿಗೆ ಸರಿಸಿದ.

"ನಾನು ಅವರನ್ನ ತಳ್ಳಿಲ್ಲ."

"ತಳ್ಳಿದ್ರು ಅಂತ ನಾನು ಹೇಳಿಲ್ವಲ್ಲ. ಇಷ್ಟೊತ್ತು ಎಲ್ರೂ ಬಿದ್ರು ಅಂತಿದ್ರು."

ಅವನು ಕೈಯಿಂದ ಮುಖ ಒರೆಸಿಕೊಂಡ. ಬೆವರಿನ ಜತೆಗೆ ಹುಸಿಯೂ ಒರೆಸಿಹೋದ ಹಾಗೆ ಅವನ ದನಿ ಬೇರೆಯಾಯಿತು.

"ಬಾಗಿಲು ತೆಗೆದವನು ನಾನೇ. ಅವರಿಗೆ ಉಸಿರು ಕಟ್ಟಿದ ಹಾಗಾಗಿತ್ತು. ಗಾಳಿ ಬರಲಿ ಅಂತ ಹೊರಗಿಂದ ಸುತ್ತಿ ಹೋಗಿ, ಹಾರೆ ಹಾಕಿ ಮೀಟಿ ತೊಟ್ಟಿ ಸರಿಸಿ ತೆಗೆದೆ. ಅಷ್ಟೇ ನಾನು ಮಾಡಿದ್ದು."

"ಉಸಿರು ಯಾಕೆ ಕಟ್ತು?"

ಝೆಲೆಂಕಾ ಎದ್ದು ಗೋಡೆಯ ಬೀರುವಿನಿಂದ ಒಂದು ಹಳೆಯ ರಟ್ಟಿನ ಚೀಟಿ ತಂದ. ಸಾವಿರದ ಒಂಬೈನೂರ ಐವತ್ತೊಂದನೆಯ ಇಸವಿ, ಕೋಟೆ ಸರ್ಕಾರದ ಕೈಗೆ ಬಂದ ಮೇಲೆ ಬರೆದ ಸಾಮಾನುಗಳ ಪಟ್ಟಿ. ನೇರಳೆ ಶಾಯಿಯಲ್ಲಿ ಒಂದು ಸಾಲು: ಗಡಿಯಾರ, ಕೊಕ್ಕರೆ ಸಹಿತ, ಕೊಕ್ಕಿನ ತುದಿ ಮುರಿದಿದೆ.

"ಅತ್ತೆ ಹೇಳಿದ್ದು ನಿಜ," ಎಂದಳು ವೆಂದುಲಾ.

"ಒಂದೊಂದು ಅಕ್ಷರವೂ ನಿಜ."

"ಆಮೇಲೆ ಯಾರಾದ್ರೂ ಕೊಕ್ಕು ಸರಿ ಮಾಡಿಸಿರಬಹುದಲ್ಲ?"

"ಮಾಡಿಸಿದ್ರೆ ಈ ಚೀಟಿ ಮೇಲೆ ಬರೀತಿದ್ವಿ. ಮುರಿದ ಕೊಕ್ಕನ್ನ ಇಪ್ಪತ್ತೆರಡು ವರ್ಷ ನಾನೇ ಒರೆಸಿದೀನಿ, ಮೇಡಂ." ಅವನು ಕುರ್ಚಿಗೆ ಒರಗಿದ. "ಹೋದ ವರ್ಷದ ಹಿಂದಿನ ವರ್ಷ ಗಡಿಯಾರದ ಮರದ ಪೆಟ್ಟಿಗೆಗೆ ಹುಳ ಹಿಡೀತು. ಮೇಲಿನವರಿಗೆ ಬರೆದರೆ ಅನುಮತಿ ಬರೋಕೆ ಮೂರು ವರ್ಷ. ಅಷ್ಟರಲ್ಲಿ ಪುಡಿ ಆಗಿರ್ತಿತ್ತು. ಒಬ್ಬ ಒಳ್ಳೆ ಕೆಲಸಗಾರ ಇದಾನೆ ಅಂತ ಯಾರೋ ಹೇಳಿದ್ರು. ಕಾಗದ ಪತ್ರ ಇಲ್ಲದೆ ಕೊಟ್ಟು ಕಳಿಸಿದೆ. ಮೂರು ವಾರ ಬಿಟ್ಟು ವಾಪಸ್ ಬಂತು. ಪೆಟ್ಟಿಗೆ ಹೊಸದರ ಹಾಗಿತ್ತು. ಕೊಕ್ಕೂ ಹೊಸದು. ಬಂದಿದ್ದು ನಕಲು, ಅಸಲಿ ಗಡಿಯಾರ ಬರಲೇ ಇಲ್ಲ."

"ಪೊಲೀಸರಿಗೆ ಹೇಳಲಿಲ್ಲ."

"ಏನಂತ ಹೇಳ್ಲಿ? ಇನ್ನೂರು ವರ್ಷದ ಗಡಿಯಾರವನ್ನ ರಸೀದಿ ಇಲ್ಲದೆ ಅಪರಿಚಿತನ ಗಾಡಿಗೆ ಹತ್ತಿಸಿದೆ ಅಂತಲಾ? ನಿವೃತ್ತಿಗೆ ನಾಲ್ಕು ವರ್ಷ ಇತ್ತು." ಅವನು ಚೀಟಿಯನ್ನು ಮಗುಚಿ ಹಾಕಿದ. "ಪ್ರತಿದಿನ ಆ ಹುಡುಗಿ ಜನಕ್ಕೆ ಅದನ್ನೇ ತೋರಿಸ್ತಾಳೆ. ನಾನು ಪಕ್ಕದ ಕೋಣೇಲಿ ನಿಂತು ಕೇಳ್ತೀನಿ. ಎರಡು ವರ್ಷ ಯಾರೂ ಬಾಯಿ ಬಿಡಲಿಲ್ಲ. ಇವತ್ತು ನಿಮ್ಮ ಅತ್ತೆ ಬಿಟ್ರು."

"ನೀವು ಅವರನ್ನ ಇಲ್ಲಿಗೆ ಕರ್ಕೊಂಡು ಬಂದ್ರಿ."

"ಬಾಯಿ ಮುಚ್ಚಿಸೋಕೆ ಅಲ್ಲ. ನಿಜ ಹೇಳ್ತೀನಿ, ಮನಸ್ಸು ಹಗುರ ಆಯ್ತು ನನಗೆ. ಇನ್ನೊಬ್ಬರಿಗೂ ಗೊತ್ತು ಅನ್ನೋದೇ ಸಮಾಧಾನ. ಎಲ್ಲ ಹೇಳಿದೆ. ಸಾವಧಾನವಾಗಿ ಕೇಳಿದ್ರು. ಕೊನೆಗೆ ಒಂದೇ ಮಾತು: 'ಆ ಕೆಲಸಗಾರನ ಹೆಸರೇನು?'"

"ಹೇಳಿದ್ರಾ?"

"ಹೇಳಿದೆ. ಆಗಲೇ ಅವರಿಗೆ ಉಸಿರು ಕಟ್ಟಿದ್ದು."

ವೆಂದುಲಾ ಪೆನ್ನು ತೆಗೆದಿದ್ದಳು. ಬರೆಯಲಿಲ್ಲ. ಅವಳ ಗಂಡ ಹಳೆಯ ಮರದ ಸಾಮಾನುಗಳನ್ನು ದುರಸ್ತಿ ಮಾಡುವವನು. ಪಿಯಾನೋ, ಕಪಾಟು, ಗಡಿಯಾರದ ಪೆಟ್ಟಿಗೆ. ಮನೆಯ ಹಿಂದಿನ ಕೊಟ್ಟಿಗೆಯೇ ಅವನ ಕಾರ್ಖಾನೆ. ಇವತ್ತು ಬೆಳಗ್ಗೆ ಟಿಕೆಟ್ ಸಾಲಿನಲ್ಲಿ ನಿಂತು, ಶಾಲೆಯಲ್ಲಿದ್ದಾಗ ಒಮ್ಮೆ ಬಂದಿದ್ದೆ, ಆಮೇಲೆ ಈ ಕಡೆ ತಲೆ ಹಾಕಿಲ್ಲ ಎಂದಿದ್ದ. ಅತ್ತೆಗೆ ಹುಟ್ಟಿದೂರು ತೋರಿಸೋಣ ಎಂದವಳು ವೆಂದುಲಾ. ಬೇಡ, ಬಿಸಿಲು, ಕೆರೆಗೆ ಹೋಗೋಣ ಎಂದು ಎರಡು ದಿನ ವಾದಿಸಿದವನು ರಾದಿಮ್.

"ಹೆಸರು ಹೇಳಿ," ಎಂದಳು. ತನ್ನ ದನಿ ಎಂದಿನಂತೆಯೇ ಇದೆ ಎಂದು ಅವಳಿಗೆ ಅನಿಸಿತು. ಇರಲಿಲ್ಲವೇನೋ, ಝೆಲೆಂಕಾ ತಲೆ ತಗ್ಗಿಸಿದ.

"ನಿಮ್ಮ ಗುರುತಿನ ಚೀಟಿ ಓದಿದಾಗಲೇ ನನಗೆ ಗೊತ್ತಾಯ್ತು, ಮೇಡಂ. ನೀವು ಹೋರ್ಸ್ಕಾ. ಅದೇ ಮನೆತನ, ಗಂಡಸಿಗೆ ಹೋರ್ಸ್ಕಿ ಅಂತಾರೆ. ರಾದಿಮ್ ಹೋರ್ಸ್ಕಿ."

ಹೊರಗೆ ಯಾರದೋ ಮಗು ಕಿಲಕಿಲ ನಕ್ಕಿತು. ವೆಂದುಲಾ ಅದು ಹೆದ್ವಿಕಾಳದ್ದೇನೋ ಎಂದು ಕಿವಿಗೊಟ್ಟಳು. ಅಲ್ಲ.

"ಮುಂದೆ?"

"ಅಜ್ಜಿ ನೀರು ಕುಡೀತಿದ್ರು. ಹಿಂದಿನ ಅಂಗಳದ ಕೆಲಸದವರ ಮೆಟ್ಟಿಲಿಂದ ಅವನೇ ಬಂದ. ಆ ದಾರಿ ಅವನಿಗೆ ಗೊತ್ತು, ಗಡಿಯಾರ ಇಳಿಸಿದ್ದು ಅಲ್ಲಿಂದಾನೇ. ನನ್ನ ಮುಖ ನೋಡಲಿಲ್ಲ. 'ಅತ್ತೇ' ಅಂದ. ಅವರು ನನ್ನ ಕಡೆ ತಿರುಗಿ, 'ನನ್ನ ಹುಡುಗನ ಜತೆ ಎರಡು ಮಾತಾಡಬೇಕು, ನೀವು ಸ್ವಲ್ಪ ಹೋಗಿ' ಅಂದ್ರು. ಹೋದೆ."

"ಎಷ್ಟು ಹೊತ್ತು?"

"ಹತ್ತು ನಿಮಿಷ ಇರಬಹುದು. ಕೂಗು ಕೇಳಿ ಓಡಿ ಬಂದಾಗ ಕೋಣೆ ಖಾಲಿ, ಬಾಗಿಲು ತೆಗೆದಿತ್ತು. ನಾನು ಬೀಗ ಹಾಕಿದೆ." ಅವನು ಕೀಲಿಗೊಂಚಲನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟ. "ಯಾಕೆ ಹಾಕಿದೆ ಅಂತ ಕೇಳ್ಬೇಡಿ. ಹೆದರಿದೆ. ಅಷ್ಟೇ."

*

ಹೆದ್ವಿಕಾ ಕೊಳದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಎಂಟು ವರ್ಷ. ಅಮ್ಮನ ಜಾಕೆಟನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಸ್ವಲ್ಪ ದೂರದಲ್ಲಿ ಕ್ವಾಪಿಲೊವಾ ಕಾವಲು ನಿಂತಿದ್ದಳು.

ವೆಂದುಲಾ ಪಕ್ಕದಲ್ಲಿ ಕೂತಳು.

"ಹೆದ್ವಿಕಾ, ಬೆಳಗ್ಗೆ ಅಪ್ಪ ಐಸ್‌ಕ್ರೀಮ್ ಕೊಡಿಸಿದ್ರಲ್ಲ, ಆಮೇಲೆ ಏನು ಮಾಡಿದ್ರಿ?"

"ಮೀನು ನೋಡಿದ್ವಿ."

"ಇಬ್ರೂನಾ?"

"ನಾನು. ಅಪ್ಪ ಬಾತ್‌ರೂಮಿಗೆ ಹೋದ್ರು. ತುಂಬಾ ಹೊತ್ತು." ಹುಡುಗಿ ನೀರಿಗೆ ಬೆರಳದ್ದಿದಳು. "ನನ್ನ ಐಸ್‌ಕ್ರೀಮ್ ಪೂರ್ತಿ ಮುಗೀತು, ಅವರದು ಕರಗಿ ಕೈ ಮೇಲೆಲ್ಲ ಸುರೀತು. ಅಮ್ಮಾ, ಅಜ್ಜಿ ಸತ್ತು ಹೋಗ್ತಾರಾ?"

"ಇಲ್ಲ ಪುಟ್ಟಿ."

ಅವಳು ಎದ್ದು ನಾಲ್ಕು ಹೆಜ್ಜೆ ದೂರ ಹೋಗಿ ರಾದಿಮ್‌ಗೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದಳು. ಈ ಸಲ ರಿಂಗೇ ಆಗಲಿಲ್ಲ.

ಹನ್ನೆರಡೂವರೆಗೇ ಅವಳು ಪೇಟೆಯ ಠಾಣೆಗೆ ಹೇಳಿ, ಅತ್ತೆಯ ಹಾಸಿಗೆಯ ಬಳಿ ಒಬ್ಬರನ್ನು ಕೂರಿಸಿ ಎಂದು ಕೇಳಿಕೊಂಡಿದ್ದಳು. ಭಾನುವಾರ, ಇರುವುದು ಒಂದೇ ಗಾಡಿ, ಮೊದಲು ಆಸ್ಪತ್ರೆಗೆ ಹೋಗಿ ಆಮೇಲೆ ಕೋಟೆಗೆ ಬರ್ತೀವಿ ಎಂದಿದ್ದರು. ಈಗ ಆಸ್ಪತ್ರೆಗೆ ಫೋನ್ ಮಾಡಿದಳು. ವಾರ್ಡಿನ ನರ್ಸ್ ಎತ್ತಿಕೊಂಡಳು.

"ಸ್ವಾತಾವಾ ಹೋರ್ಸ್ಕಾ ಅವರ ಮನೆಯವರಾ? ಒಳ್ಳೆ ಸುದ್ದಿ. ಎಚ್ಚರ ಆಗಿದೆ. ಎಂಟು ಹೊಲಿಗೆ ಬಿದ್ದಿದೆ, ಮಾತು ಸ್ಪಷ್ಟ ಇದೆ."

ವೆಂದುಲಾ ಕಣ್ಣು ಮುಚ್ಚಿ ತೆರೆದಳು. "ಯಾವಾಗ?"

"ಅರ್ಧ ಗಂಟೆ ಮೇಲಾಯ್ತು. ಪೊಲೀಸರೂ ಬಂದಿದಾರೆ."

"ಅವರ ಅಣ್ಣನ ಮಗ ಜತೇಲಿದಾರಾ?"

"ಇದ್ರು. ಅಜ್ಜಿ ಕಣ್ಣು ಬಿಟ್ಟಾಗ ಪಕ್ಕದಲ್ಲೇ ಇದ್ರು, ಇಬ್ರೂ ಏನೋ ಮಾತಾಡಿದ್ರು. ಆಮೇಲೆ ಕಾಫಿ ತರ್ತೀನಿ ಅಂತ ಹೋದವರು ಕಾಣಲಿಲ್ಲ." ನರ್ಸ್ ಸ್ವಲ್ಪ ತಡೆದಳು. "ನೀವು ಸೊಸೆ ತಾನೆ? ಪೊಲೀಸ್‌ನಲ್ಲಿರೋರು?"

"ಹೌದು."

"ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ನಡೆದಿದ್ದನ್ನೆಲ್ಲ ಹೇಳ್ತೀನಿ, ಬರ್ಕೊಳ್ಳಿ ಅಂತಿದಾರೆ ಅಜ್ಜಿ. ಆದ್ರೆ ನೀವು ಕೋಣೆ ಒಳಗೆ ಬರಬಾರದಂತೆ. ನಿಮ್ಮ ಕಿವಿಗೆ ಬೀಳಬಾರದಂತೆ."

"ಯಾಕೆ ಅಂತ ಕೇಳಿದ್ರಾ?"

"ಕೇಳಿದೆ. 'ಅವಳಿಗೊಂದು ಮಗು ಇದೆ' ಅಂದ್ರು. ಇನ್ನೇನೂ ಹೇಳಲಿಲ್ಲ."

ವೆಂದುಲಾ ಥ್ಯಾಂಕ್ಸ್ ಹೇಳಿದಳು. ಹೇಳಿದ್ದು ಕೇಳಿಸುವಷ್ಟು ಗಟ್ಟಿಯಾಗಿತ್ತೋ ಇಲ್ಲವೋ. ಗಾಡಿ ಪೇಟೆಯಿಂದ ಹೊರಟು ಇಲ್ಲಿ ಮುಟ್ಟಲು ಇಪ್ಪತ್ತು ನಿಮಿಷ ಬೇಕು ಎಂದು ಲೆಕ್ಕ ಹಾಕಿದಳು. ಠಾಣೆಯ ನಂಬರು ಒತ್ತಿದಳು.

ಆಗ ಬೆನ್ನ ಹಿಂದೆ ಹೆದ್ವಿಕಾಳ ಕೂಗು ಕೇಳಿತು.

"ಅಪ್ಪಾ!"

ಸಾಲುಮರಗಳ ದಾರಿಯ ಕೊನೆಯಲ್ಲಿ, ಹೆಬ್ಬಾಗಿಲ ಬಳಿ, ಒಂದು ಟ್ಯಾಕ್ಸಿ ತಿರುಗಿ ಹೋಗುತ್ತಿತ್ತು. ರಾದಿಮ್ ಎರಡೂ ಕೈ ಬೀಸುತ್ತ ನಡೆದು ಬರುತ್ತಿದ್ದ. ಅಂಗಿಯ ತೋಳಿನ ಮೇಲೆ ಅತ್ತೆಯ ರಕ್ತ ಒಣಗಿ ಕಂದಾಗಿತ್ತು. ಹೆದ್ವಿಕಾ ಆಗಲೇ ಓಡಿ ಅರ್ಧ ದಾರಿ ತಲುಪಿದ್ದಳು.

ವೆಂದುಲಾ ಓಡಲಿಲ್ಲ. ಓಡಿದರೆ ಅವನಿಗೆ ತಿಳಿಯುತ್ತದೆ. ಮಾಮೂಲಿ ನಡಿಗೆಯಲ್ಲಿ, ಫೋನನ್ನು ಕಿವಿಯಿಂದ ಇಳಿಸದೆ, ಮುಂದೆ ಹೋದಳು. ಅವಳು ಸೇರುವಷ್ಟರಲ್ಲಿ ಮಗಳು ಅವನ ತೋಳಿನಲ್ಲಿದ್ದಳು.

"ಅತ್ತೆ ಹೇಗಿದಾರೆ?" ಎಂದು ಕೇಳಿದಳು.

"ಹಾಗೇ ಇದಾರೆ." ಅವನ ಮುಖದಲ್ಲಿ ದಣಿವು ಬಿಟ್ಟು ಇನ್ನೇನೂ ಇರಲಿಲ್ಲ. ಹನ್ನೊಂದು ವರ್ಷದಿಂದ ದಿನವೂ ನೋಡಿದ ಮುಖ. "ಇನ್ನೂ ಎಚ್ಚರ ಆಗಿಲ್ಲ. ಡಾಕ್ಟರು ನಾಳೆ ನೋಡೋಣ ಅಂದ್ರು."

ಕಿವಿಯಲ್ಲಿ ಠಾಣೆಯವನು ಹಲೋ, ಹಲೋ ಎನ್ನುತ್ತಿದ್ದ.

"ಯಾರದು ಫೋನು?" ಎಂದ ರಾದಿಮ್.

"ಆಫೀಸಿಂದ."

"ಇವತ್ತೂ ಬಿಡಲ್ವಲ್ಲ ಅವರು." ಅವನು ಮಗಳನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡ. "ಸರಿ, ನೀನು ಇಲ್ಲೇ ಇರು, ನಿನ್ನ ಕೆಲಸ ಮುಗಿಸ್ಕೋ. ಹೆದ್ವಿಕಾಗೆ ಸುಸ್ತಾಗಿದೆ, ನಾನು ಮನೆಗೆ ಕರ್ಕೊಂಡು ಹೋಗ್ತೀನಿ. ಕಾರಿನ ಕೀಲಿ ಕೊಡು."

"ಕೀಲಿ ಸಿಕ್ತಿಲ್ಲ. ಎಲ್ಲೋ ಬೀಳಿಸಿದೀನಿ. ಒಳಗೆ ಬಾ, ಒಟ್ಟಿಗೆ ಹುಡುಕೋಣ."

ರಾದಿಮ್ ಅವಳನ್ನೇ ನೋಡಿದ. ಒಂದು ಕ್ಷಣ ಜಾಸ್ತಿಯೇ ನೋಡಿದ.

"ಇಲ್ಲಮ್ಮಾ, ಬಿದ್ದಿಲ್ಲ!" ಹೆದ್ವಿಕಾ ಅಪ್ಪನ ತೋಳಿನಲ್ಲೇ ಬಗ್ಗಿ, ಸೊಂಟಕ್ಕೆ ಕಟ್ಟಿದ್ದ ಜಾಕೆಟಿನ ಜೇಬಿಗೆ ಕೈ ತೂರಿಸಿದಳು. ಸಹಾಯ ಮಾಡಿದ ಹೆಮ್ಮೆಯಿಂದ ಅವಳ ಮುಖ ಅರಳಿತ್ತು. "ಇಲ್ಲೇ ಇತ್ತು ನೋಡಿ. ತಗೋಳಿ ಅಪ್ಪಾ."